ಬ್ಯಾನರ್ ಬಿಚ್ಚಿದ ಮೇಲೆ

ಹಾಸನ
ಭಾನುವಾರ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ನಿನ್ನೆ ಫೋನ್ ಮಾಡಿದ್ದಳು. ನೀನು ಜಿಮ್‌ಗೆ ಹೋಗದೆ ಮೂರು ವಾರ ಆಯಿತಂತೆ. ಕಿಟ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದ್ದೀಯಂತೆ. ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಿದ್ದ ನಿನ್ನ ಅಭಿನಂದನೆಯ ಬ್ಯಾನರನ್ನು ರಾತ್ರಿ ನೀನೇ ಹೋಗಿ ಬಿಚ್ಚಿಕೊಂಡು ಬಂದೆಯಂತೆ. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಫೋನಿನಲ್ಲಿ ಮಾತಾಡಿದರೆ "ಹೂಂ, ಸರಿ ಮಾವ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಬಾಕ್ಸಿಂಗ್‌ನಲ್ಲಿ ರಾಜ್ಯ ಮಟ್ಟದ ಚಿನ್ನ ಬಂದಾಗ ಊರಿಗೆ ಊರೇ ನಿನ್ನನ್ನು ಹುಲಿ ಅಂದಿತು. ನ್ಯಾಷನಲ್ಸ್‌ನಲ್ಲಿ ಮೊದಲ ಬೌಟ್ ಸೋತಾಗ ಅದೇ ಬಾಯಿ "ಸುಮ್ನೆ ಮೇಲೆ ಹತ್ತಿಸಿದ್ವಿ" ಅಂದಿತು. ಎರಡು ಮಾತಿನ ನಡುವೆ ಬರೀ ನಲವತ್ತು ದಿನ. ಆ ನಲವತ್ತು ದಿನದಲ್ಲಿ ನಿನ್ನ ಕೈ ಬದಲಾಗಿತ್ತಾ? ಕಾಲು ಬದಲಾಗಿತ್ತಾ? ಇಲ್ಲ ಅಲ್ವಾ?

ದೊಡ್ಡ ದೇಶಗಳ ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ಹೆಸರು ಹೇಗೆ ಕಟ್ಟುತ್ತಾರೆ ಗೊತ್ತಾ? ಒಲಿಂಪಿಕ್ಸ್ ಮೆಡಲ್ ಗೆದ್ದ ಹುಡುಗನನ್ನು ಪಂದ್ಯ ಏರ್ಪಡಿಸುವ ಪ್ರಮೋಟರ್ ಕರೆದುಕೊಳ್ಳುತ್ತಾನೆ. ಎದುರಾಳಿಗಳನ್ನು ನೋಡಿ ನೋಡಿ ಆರಿಸುತ್ತಾನೆ. ಮೊದಮೊದಲು ವಯಸ್ಸಾದವರು, ಸೋತು ಅಭ್ಯಾಸ ಆದವರು ಬರುತ್ತಾರೆ. ಹುಡುಗ ಗೆಲ್ಲುತ್ತಾ ಹೋಗುತ್ತಾನೆ. 10-0, 15-0 ಅಂತ ಲೆಕ್ಕ ಬೆಳೆಯುತ್ತದೆ, ಅಂದರೆ ಹದಿನೈದು ಗೆಲುವು, ಸೊನ್ನೆ ಸೋಲು. ಟಿಕೆಟ್ ಮಾರುವುದೇ ಆ ಸೊನ್ನೆ. ಎಳೆ ಹುಡುಗನನ್ನು ಮೊದಲ ದಿನವೇ ಪಳಗಿದವನ ಮುಂದೆ ನಿಲ್ಲಿಸಬಾರದು, ಅದು ನನಗೂ ಒಪ್ಪಿಗೆ. ಆದರೆ ಮುಖ ಕಾಯುವ ಗಾರ್ಡ್ ಕೆಳಗಿಟ್ಟುಕೊಂಡೇ ಗೆಲ್ಲುತ್ತಿರುವವನಿಗೆ ಗಾರ್ಡ್ ಕೆಳಗಿದೆ ಅಂತ ಹೇಳುವವರು ಯಾರು? ಹೇಳಿದರೂ ಅವನು ಕೇಳುತ್ತಾನಾ?

ಇಂಗ್ಲೆಂಡಿನ ಅಮೀರ್ ಖಾನ್‌ನನ್ನೇ ನೋಡು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಅವನಿಗೆ 17 ವರ್ಷ. ನಿನಗಿಂತ ಚಿಕ್ಕವನು. ಪ್ರೊಫೆಷನಲ್ ಆಗಿ 18 ಪಂದ್ಯ ಸತತವಾಗಿ ಗೆದ್ದ. 2008ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕೊಲಂಬಿಯಾದ ಬ್ರೈಡಿಸ್ ಪ್ರೆಸ್ಕಾಟ್ ಅವನನ್ನು 54 ಸೆಕೆಂಡಿನಲ್ಲಿ ಮಲಗಿಸಿದ. ತನ್ನ ಜನರ ಮುಂದೆಯೇ. "ಗದ್ದಕ್ಕೆ ಒಂದು ಬಿದ್ದರೆ ಇವನ ಕಥೆ ಮುಗೀತು" ಅಂತ ಎಲ್ಲರೂ ಬರೆದರು. ಅವನು ಅಮೆರಿಕಕ್ಕೆ ಹೋಗಿ ಲಾಸ್ ಏಂಜಲೀಸ್‌ನಲ್ಲಿ ಫ್ರೆಡ್ಡಿ ರೋಚ್ ಅನ್ನುವ ಕೋಚ್ ಹತ್ತಿರ ಕಲಿಯಲು ಶುರು ಮಾಡಿದ. ಮರುವರ್ಷ ಜುಲೈನಲ್ಲಿ ಅದೇ ಮ್ಯಾಂಚೆಸ್ಟರ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಗದ್ದ ಹಳೆಯದೇ. ಅದನ್ನು ಕಾಯುವುದನ್ನು ಕಲಿತಿದ್ದ, ಅಷ್ಟೇ. 2010ರಲ್ಲಿ ಮೈದಾನಾ ಅನ್ನುವ ಅರ್ಜೆಂಟೀನಾದವನು ಹತ್ತನೇ ರೌಂಡ್‌ನಲ್ಲಿ ಇವನನ್ನು ಸಿಕ್ಕಾಪಟ್ಟೆ ಹೊಡೆದ. ಕಾಲು ತಡವರಿಸುತ್ತಿದ್ದರೂ ಬೀಳದೆ ನಿಂತು ಪಾಯಿಂಟ್ಸ್ ಮೇಲೆ ಗೆದ್ದ.

ಆದರೆ ನನಗೆ ಬಹಳ ಇಷ್ಟವಾದ ಕಥೆ ಉಕ್ರೇನಿನ ವ್ಲಾದಿಮಿರ್ ಕ್ಲಿಚ್ಕೊದು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ. ಆರೂವರೆ ಅಡಿ ಎತ್ತರ. ಹೆವಿವೇಟ್‌ನಲ್ಲಿ ಮುಂದಿನ ದೊರೆ ಇವನೇ ಅಂತ ಎಲ್ಲರೂ ಬರೆದಾಗಿತ್ತು. 2003ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೋರಿ ಸ್ಯಾಂಡರ್ಸ್ ಇವನನ್ನು ನಾಲ್ಕು ಸಲ ಕೆಡವಿ ಎರಡನೇ ರೌಂಡ್‌ನಲ್ಲೇ ಮುಗಿಸಿದ. ಮರುವರ್ಷ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಲೇಮನ್ ಬ್ರೂಸ್ಟರ್ ಜೊತೆ ಪಂದ್ಯ. ನಾಲ್ಕನೇ ರೌಂಡ್‌ನಲ್ಲಿ ಕ್ಲಿಚ್ಕೊನೇ ಬ್ರೂಸ್ಟರ್‌ನನ್ನು ಕೆಡವಿದ್ದ. ಐದನೇ ರೌಂಡ್ ಹೊತ್ತಿಗೆ ಉಸಿರೇ ಇರಲಿಲ್ಲ. ನಿಲ್ಲಲು ಆಗದೆ ಕುಸಿದುಬಿದ್ದ. ಅಷ್ಟು ದೊಡ್ಡ ಆಳು ಹಾಗೆ ಬೀಳುವುದನ್ನು ನೋಡುವುದೇ ಕಷ್ಟ. ಸ್ವಂತ ಅಣ್ಣ ವಿಟಾಲಿ, ಅವನೂ ಬಾಕ್ಸರ್, "ಇನ್ನು ಸಾಕು, ಬಿಟ್ಟುಬಿಡು" ಅಂದ. ಪ್ರೀತಿಯಿಂದಲೇ ಅಂದದ್ದು.

ಇಮ್ಯಾನುಯೆಲ್ ಸ್ಟೂವರ್ಡ್ ಅನ್ನುವ ಹಿರಿಯ ಕೋಚ್‌ಗೆ ಇವನ ಜೊತೆ ಅದೇ ಮೊದಲ ಪಂದ್ಯ. ಮೊದಲ ಪಂದ್ಯದಲ್ಲೇ ಶಿಷ್ಯ ಹೀಗೆ ಬಿದ್ದರೂ ಅವರು ಬಿಟ್ಟುಹೋಗಲಿಲ್ಲ. ಶಿಷ್ಯನೂ ಗುರುವಿನ ಮೇಲೆ ತಪ್ಪು ಹೊರಿಸಲಿಲ್ಲ. ಇಬ್ಬರೂ ಕೂತು ಎಲ್ಲಿ ಎಡವಿತು ಅಂತ ಹುಡುಕಿದರು. ಶಕ್ತಿಯನ್ನೆಲ್ಲಾ ಮೊದಲ ರೌಂಡ್‌ಗಳಲ್ಲೇ ಸುರಿದುಬಿಡುತ್ತಿದ್ದ. ಏಟು ಬಿದ್ದಾಗ ಎದುರಾಳಿಯನ್ನು ತಬ್ಬಿ ಹಿಡಿದು ಉಸಿರು ತೆಗೆದುಕೊಳ್ಳುವುದು ಗೊತ್ತಿರಲಿಲ್ಲ. ಎಡಗೈ ಅಷ್ಟು ಉದ್ದ ಇದ್ದರೂ ನೇರ ಜ್ಯಾಬ್ ಏಟಿನಿಂದ ಎದುರಾಳಿಯನ್ನು ದೂರ ಇಡುವುದನ್ನು ಬಿಟ್ಟು ಹತ್ತಿರ ಹೋಗಿ ಹೊಡೆಸಿಕೊಳ್ಳುತ್ತಿದ್ದ. ಇಷ್ಟನ್ನು ತಿದ್ದಿದರು.

2005ರ ಸೆಪ್ಟೆಂಬರ್, ಅಟ್ಲಾಂಟಿಕ್ ಸಿಟಿ. ಎದುರಿಗೆ ನೈಜೀರಿಯಾದ ಸ್ಯಾಮ್ಯುಯೆಲ್ ಪೀಟರ್. ಆಗ 24-0. ಈ ಪಂದ್ಯದ ವಿಡಿಯೊ ಹುಡುಕಿ ನೀನು ನೋಡಲೇಬೇಕು. ಐದನೇ ರೌಂಡ್‌ನಲ್ಲಿ ಕ್ಲಿಚ್ಕೊ ಎರಡು ಸಲ ಕೆಳಗೆ ಬಿದ್ದ. ಮುಗೀತು ಅಂದುಕೊಳ್ಳುತ್ತೀಯ. ಎದ್ದ. ತಬ್ಬಿದ. ಜ್ಯಾಬ್ ಹಾಕಿದ. ಮತ್ತೆ ತಬ್ಬಿದ. ಹತ್ತನೇ ರೌಂಡ್‌ನಲ್ಲಿ ಮೂರನೇ ಸಲ ಬಿದ್ದ. ಮತ್ತೆ ಎದ್ದ. ಹನ್ನೆರಡನೇ ರೌಂಡ್‌ನಲ್ಲಿ ಅವನ ಎಡಗೈ ಹುಕ್ ಬಿದ್ದು ಪೀಟರನೇ ತೂರಾಡಿದ. ಮೂವರು ಜಡ್ಜ್‌ಗಳೂ ಕ್ಲಿಚ್ಕೊಗೆ 114-111 ಕೊಟ್ಟರು. ಹೆದರಿಕೆ ಹೋಗಿರಲಿಲ್ಲ, ಪುಟ್ಟಾ. ಅವನ ಕಣ್ಣಲ್ಲೇ ಕಾಣುತ್ತದೆ. ಹೆದರಿಕೆ ಇದ್ದಾಗ ಕೈಯಲ್ಲಿ ಏನು ಮಾಡಬೇಕು ಅಂತ ಗೊತ್ತಿತ್ತು. 2006ರಲ್ಲಿ ಮತ್ತೆ ಚಾಂಪಿಯನ್ ಆದವನನ್ನು 2015ರ ನವೆಂಬರ್‌ವರೆಗೆ ಯಾರೂ ಇಳಿಸಲಿಲ್ಲ. ನಡುವೆ 2007ರಲ್ಲಿ ಆ ಬ್ರೂಸ್ಟರ್‌ನನ್ನೂ ಕರೆದು ಸೋಲಿಸಿದ.

ಎಲ್ಲರೂ ಹೀಗೆ ವಾಪಸ್ ಬರುವುದಿಲ್ಲ. ನಸೀಮ್ ಹಮೀದ್ ಅಂತ ಒಬ್ಬನಿದ್ದ, ಭಾರಿ ಪ್ರತಿಭೆ. ಹಾರುವ ಚಾಪೆಯ ಮೇಲೆ ಕೂತು ರಿಂಗ್‌ಗೆ ಬಂದಿದ್ದ ಒಂದು ಸಲ. 2001ರಲ್ಲಿ ಮೆಕ್ಸಿಕೋದ ಬರೇರಾ ಹತ್ತಿರ ಸೋತ ಮೇಲೆ ಒಂದೇ ಒಂದು ಪಂದ್ಯ ಆಡಿ ನಿಲ್ಲಿಸಿಬಿಟ್ಟ. 37 ಪಂದ್ಯದಲ್ಲಿ ಅದೊಂದೇ ಸೋಲು. ಅವನ ಮನಸ್ಸಿನಲ್ಲಿ ಏನಿತ್ತೋ, ಅವನ ಇಷ್ಟ. ಆದರೂ ನೆನೆದಾಗಲೆಲ್ಲಾ ನನಗೆ ಬೇಜಾರಾಗುತ್ತದೆ.

ವಾಪಸ್ ಬಂದ ಮೇಲೂ ದಾರಿ ನೇರ ಇರುವುದಿಲ್ಲ. ಲಂಡನ್ನಿನ ಡೇನಿಯಲ್ ಡುಬುವಾ 2020ರಲ್ಲಿ ಜೋ ಜಾಯ್ಸ್ ಎದುರು ಮೊಣಕಾಲೂರಿ ಕೂತುಬಿಟ್ಟ. ಹೇಡಿ ಅಂದರು. ಆಮೇಲೆ ನೋಡಿದರೆ ಕಣ್ಣಿನ ಗೂಡಿನ ಮೂಳೆ ಮುರಿದಿತ್ತು. 2024ರಲ್ಲಿ ವೆಂಬ್ಲಿ ಮೈದಾನದಲ್ಲಿ ಅವನೇ ಆಂಟನಿ ಜೋಶುವಾನನ್ನು ಐದನೇ ರೌಂಡ್‌ನಲ್ಲಿ ಮಲಗಿಸಿದ. ಮರುವರ್ಷ ಅದೇ ಮೈದಾನದಲ್ಲಿ ಉಕ್ರೇನಿನ ಉಸಿಕ್ ಕೈಯಲ್ಲಿ ಸೋತ. ಇಷ್ಟರಲ್ಲಿ ಜನ ಅವನ ಬಗ್ಗೆ ಎಷ್ಟು ಸಲ ಮಾತು ಬದಲಿಸಿರಬೇಡ!

ಇದನ್ನು ಈವರೆಗೆ ನಿನಗೆ ಹೇಳಿರಲಿಲ್ಲ. ಸೈನ್ಯದಲ್ಲಿದ್ದಾಗ ನಾನೂ ಯೂನಿಟ್ ಪಂದ್ಯಗಳಲ್ಲಿ ಐದು ಬೌಟ್ ಗೆದ್ದಿದ್ದೆ. ಆರನೆಯದರಲ್ಲಿ ಒಬ್ಬ ಸಣಕಲು ಹುಡುಗ ನನ್ನ ಮೂಗು ಒಡೆದ. ಜ್ಯಾಬ್ ಹಾಕಿದ ಮೇಲೆ ನನ್ನ ಎಡಗೈ ಸೊಂಟಕ್ಕೆ ಇಳಿಯುತ್ತಿತ್ತು. ಉಸ್ತಾದ್ ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸೋತ ಮೇಲೆ ಗ್ಲೌಸ್ ಸ್ಟೋರ್‌ಗೆ ಕೊಟ್ಟು ಬಂದೆ. ಮತ್ತೆ ಕೇಳಲಿಲ್ಲ. ಇವತ್ತಿಗೂ ಬಟ್ಟೆ ಒಣಹಾಕುವಾಗ ಎಡಗೈ ಎತ್ತಿದರೆ ಆ ದಿನ ನೆನಪಾಗುತ್ತದೆ.

ನಿನ್ನ ಬೌಟ್‌ನ ವಿಡಿಯೊವನ್ನು ಅಮ್ಮ ಕಳಿಸಿದ್ದಳು. ಹತ್ತು ಸಲ ನೋಡಿದೆ. ಆ ಹರಿಯಾಣದ ಹುಡುಗ ನಿನಗಿಂತ ಜೋರಾಗಿ ಹೊಡೆಯುತ್ತಿರಲಿಲ್ಲ. ನೀನು ಹೊಡೆದು ಅಲ್ಲೇ ನಿಲ್ಲುತ್ತೀಯ. ಪಕ್ಕಕ್ಕೆ ಸರಿಯುವುದಿಲ್ಲ. ಅವನು ಕಾದು ಕಾದು ಅದೇ ಜಾಗಕ್ಕೆ ಬಲಗೈ ಹಾಕಿದ. ಎರಡನೇ ರೌಂಡ್‌ನಲ್ಲಿ ಏಳು ಸಲ ಹಾಗಾಯಿತು, ಎಣಿಸಿದ್ದೇನೆ. ರಾಜ್ಯ ಮಟ್ಟದಲ್ಲೂ ಹೀಗೇ ನಿಂತಿದ್ದೆ. ಅಲ್ಲಿ ಹೊಡೆಯುವವರು ಇರಲಿಲ್ಲ.

ನಾಳೆ ನಿನ್ನ ಕೋಚ್‌ಗೆ ಫೋನ್ ಮಾಡು. ಕಾರಣ ಹೇಳುತ್ತಾ ಕೂರಬೇಡ. "ಸರ್, ಆ ಬೌಟ್ ನಿಮ್ಮ ಜೊತೆ ಕೂತು ನೋಡಬೇಕು" ಅನ್ನು, ಸಾಕು. ಮೊಬೈಲ್‌ನಲ್ಲಿ ಬರುವ ಕಾಮೆಂಟ್‌ಗಳನ್ನು ಸ್ವಲ್ಪ ದಿನ ನೋಡಬೇಡ. ಬ್ಯಾನರ್ ಮಡಚಿ ಅಟ್ಟದ ಮೇಲಿಡು, ಹರಿಯಬೇಡ. ಅದಕ್ಕೆ ದುಡ್ಡು ಹಾಕಿದವರು ಖುಷಿಯಿಂದಲೇ ಹಾಕಿದ್ದರು.

ಶನಿವಾರ ಸಂಜೆಯ ಬಸ್ಸಿಗೆ ನಾನು ಬರುತ್ತೇನೆ. ನಿನ್ನ ಅತ್ತೆ ಕೋಡುಬಳೆ ಕಟ್ಟಿಕೊಡುತ್ತಾಳೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಮಹಡಿ ಮೇಲೆ ಬಾ. ಪ್ಯಾಡ್ ನಾನು ಹಿಡಿಯುತ್ತೇನೆ. ಹೊಡೆ, ಪಕ್ಕಕ್ಕೆ ಸರಿ. ಹೊಡೆ, ಪಕ್ಕಕ್ಕೆ ಸರಿ. ಅಷ್ಟೇ ಮಾಡೋಣ ಆವತ್ತು.

ಇಂತಿ ನಿನ್ನ ಪ್ರೀತಿಯ
ಸೋದರಮಾವ