ಆ ಮತ ಜನರ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ರಾಜ್ಯದ ಶಾಲಾ ಶಿಕ್ಷಣದ ಮುಖ್ಯಸ್ಥರನ್ನು ಜನ ಆರಿಸಬೇಕೋ, ಗವರ್ನರ್ (ರಾಜ್ಯ ಸರ್ಕಾರ ನಡೆಸುವ ಚುನಾಯಿತ ನಾಯಕ) ನೇಮಿಸಬೇಕೋ? ಅಮೆರಿಕದಲ್ಲಿ ಇದು ಹಳೆಯ ಜಗಳ. 12 ರಾಜ್ಯಗಳಲ್ಲಿ ಈಗಲೂ ಚುನಾವಣೆ ನಡೆಯುತ್ತದೆ. ನಾನಿರುವ ಕ್ಯಾಲಿಫೋರ್ನಿಯಾ ಅವುಗಳಲ್ಲೊಂದು.

ಇಂಡಿಯಾನಾ ರಾಜ್ಯದಲ್ಲಿ ಆದದ್ದು ನೆನೆದರೆ ನನಗೆ ಬೇಜಾರಾಗುತ್ತದೆ. 2012ರಲ್ಲಿ ಅಲ್ಲಿ ಶಾಲಾ ಲೈಬ್ರರಿ ನೋಡಿಕೊಳ್ಳುತ್ತಿದ್ದ ಶಿಕ್ಷಕಿ ಗ್ಲೆಂಡಾ ರಿಟ್ಜ್, ಆ ಹುದ್ದೆಯಲ್ಲಿದ್ದವರನ್ನೇ ಸೋಲಿಸಿದರು. ಅದೇ ದಿನ ಗವರ್ನರ್ ಆಗಿ ಗೆದ್ದ ಮೈಕ್ ಪೆನ್ಸ್ ಅವರಿಗಿಂತ ಜಾಸ್ತಿ ಮತ ಪಡೆದರು. ಕೆಲವು ವರ್ಷಗಳಲ್ಲಿ ಶಾಸಕರು ಕಾನೂನನ್ನೇ ಬದಲಿಸಿದರು. 2021ರಿಂದ ಅಲ್ಲಿ ನೇಮಕ ಗವರ್ನರ್ ಕೈಯಲ್ಲಿದೆ. ಜನರನ್ನು ಕೇಳಲೇ ಇಲ್ಲ. ಸೌತ್ ಕ್ಯಾರೊಲಿನಾದಲ್ಲಿ 2018ರಲ್ಲಿ ಕೇಳಿದರು, ಜನ ನೇಮಕ ಬೇಡ ಅಂದರು. ಕೇಳುವುದೇ ನ್ಯಾಯ ಅಲ್ವಾ?

ಚುನಾವಣೆಯಲ್ಲೂ ತೊಂದರೆ ಇದೆ, ಒಪ್ಪುತ್ತೇನೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಂಚೆಯಲ್ಲಿ ಬಂದ ಮತಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರೆ, ಈ ಹುದ್ದೆಗೆ ಕಾಣುವುದು ಅಭ್ಯರ್ಥಿಯ ಹೆಸರು, ಅದರ ಕೆಳಗೆ ಅವರ ಉದ್ಯೋಗ, ಅಷ್ಟೇ. ಪಕ್ಷದ ಹೆಸರಿರುವುದಿಲ್ಲ. ಗೆದ್ದವರೂ ಗವರ್ನರ್ ನೇಮಿಸಿದ ರಾಜ್ಯ ಶಿಕ್ಷಣ ಮಂಡಳಿಯ ನೀತಿಯನ್ನೇ ಜಾರಿ ಮಾಡಬೇಕು. ಆದರೂ ಮಕ್ಕಳ ಶಾಲೆ ಸರಿಯಿಲ್ಲ ಎಂದಾಗ ಆ ಮುಖ್ಯಸ್ಥರನ್ನು ಇಳಿಸಲು ನಮಗಿರುವುದು ಆ ಒಂದು ಮತ. ಅದನ್ನು ಸುಮ್ನೆ ಬಿಟ್ಟುಕೊಡಲು ನಾನಂತೂ ಒಪ್ಪುವುದಿಲ್ಲ.

– ಒಬ್ಬ ಪೋಷಕ, ಕ್ಯಾಲಿಫೋರ್ನಿಯಾ