ಎಕ್ಕದ ಹೂ ಬಿಡಿಸಲು ಬಂದಿದ್ದ ಅಜ್ಜನಿಗೆ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಶನಿವಾರ ಬೆಳಗ್ಗೆ, ನಮ್ಮ ಕಾಂಪೌಂಡ್ ಪಕ್ಕ ಆಂಜನೇಯನ ಹಾರಕ್ಕೆ ಎಕ್ಕದ ಹೂ ಬಿಡಿಸುತ್ತಿದ್ದ ಅಜ್ಜ, ನಿಮ್ಮ ಹೆಸರನ್ನೂ ಕೇಳಲಿಲ್ಲ ನಾನು. ಅವತ್ತು ನನ್ನ ಕೈಯಲ್ಲಿ ಔಷಧಿ ತುಂಬಿದ ಸ್ಪ್ರೇ ಬಾಟಲಿ ಇತ್ತು. ಎಲೆ ತುಂಬಾ ಹುಳ. ಕಪ್ಪು, ಬಿಳಿ, ಹಳದಿ ಪಟ್ಟೆ.

"ತಡಿ ತಾಯಿ, ಹೊಡೀಬೇಡ. ಇವು ನಿನ್ನ ಗುಲಾಬಿ ಮುಟ್ಟಲ್ಲ. ಎಕ್ಕ ತಿಂದು ಚಿಟ್ಟೆ ಆಗ್ತವೆ" ಅಂದಿರಿ. ಎಕ್ಕದ ಹಾಲು ತಾಗಿದ ಕೈಯಲ್ಲಿ ಕಣ್ಣು ಉಜ್ಜಬೇಡ ಅಂತಲೂ ಹೇಳಿ ಹೋದಿರಿ.

ಆಮೇಲೆ ದಿನಾ ನೋಡಿದೆ. ಹುಳದ ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು. ಚಳಿಗಾಲ ಕಳೆಯಲು ಅಮೆರಿಕ, ಕೆನಡಾದಿಂದ ಮೆಕ್ಸಿಕೋದ ಬೆಟ್ಟಗಳವರೆಗೆ ಹಾರುವ ಮೊನಾರ್ಕ್ ಚಿಟ್ಟೆ ಇದೆಯಲ್ಲ, ಅದರ ಹುಳಕ್ಕೆ ಎರಡೇ ಜೊತೆ. ನಮ್ಮದು ಅದರ ಹತ್ತಿರದ ನೆಂಟ, ಪ್ಲೇನ್ ಟೈಗರ್. ಎರಡೂ ಬೆಳೆಯುವುದು ಹಾಲು ಸುರಿಯುವ ಗಿಡ ತಿಂದೇ. ಆ ವಿಷ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳ ಕಾಟ ಕಮ್ಮಿ.

ಒಂದು ಹುಳ ಎಲೆಯಡಿ ತಲೆಕೆಳಗಾಗಿ ನೇತುಬಿತ್ತು. ಮರುದಿನ ಅಲ್ಲಿ ಹಸಿರು ಗೂಡು, ಮೇಲೆ ಚಿನ್ನದಂಥ ಚುಕ್ಕಿ. 10ನೇ ದಿನ ಬೆಳಗ್ಗೆ ಗೂಡಿನೊಳಗೆ ಕಿತ್ತಳೆ ರೆಕ್ಕೆ ಕಾಣಿಸಿತು. ಸ್ಕೂಲಿಗೆ ತಡವಾದರೂ ಮಗಳು ಅಲ್ಲಿಂದ ಕದಲಲಿಲ್ಲ. ಚಿಟ್ಟೆ ಹೊರಬಂದು, ಮುದುಡಿದ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವವರೆಗೂ ಸುಮ್ನೆ ನಿಂತಿದ್ದೆವು. ಅಷ್ಟು ಚೆಂದದ ಬೆಳಗು ನಮ್ಮ ಮನೆಯಲ್ಲಿ ಮೊದಲು ಆಗಿರಲಿಲ್ಲ.

ನಿಮ್ಮಿಂದ ಉಳಿದ ಜೀವಗಳು ಅಜ್ಜ, ತುಂಬಾ ಥ್ಯಾಂಕ್ಸ್. ಶನಿವಾರ ಗೇಟು ತೆಗೆದೇ ಇರುತ್ತದೆ. ಹೂ ಬಿಡಿಸಿಕೊಂಡು, ಒಂದು ಲೋಟ ಕಾಫಿ ಕುಡಿದು ಹೋಗಿ.