ಹಸಿರು ಟಿಕ್ ಬಿದ್ದ ಮಾತ್ರಕ್ಕೆ ಕರಾರು ಸರಿಯಿದೆ ಎಂದಲ್ಲ

ಮಾನ್ಯರೇ,

ಕರಾರು ಪತ್ರದ ಕರಡು ಬರೆಯುವ, ತಿದ್ದುವ ತಂತ್ರಾಂಶಗಳು ಬಂದಿವೆ, ಇನ್ನು ವಕೀಲರು ಸಾಲು ಸಾಲು ಓದಬೇಕಾಗಿಲ್ಲ ಎಂಬ ಮಾತು ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಇವು ಉಪಯುಕ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ಏನನ್ನು ಹಿಡಿಯುತ್ತವೆ, ಏನನ್ನು ಬಿಡುತ್ತವೆ ಎಂದು ತಿಳಿಯದೆ ಬಳಸಿದರೆ ತಪ್ಪು ಉಳಿದೇ ಉಳಿಯುತ್ತದೆ. ತಂತ್ರಾಂಶ ನೋಡಿದೆಯಲ್ಲ ಎಂಬ ಧೈರ್ಯದಲ್ಲಿ ಆಮೇಲೆ ಯಾರೂ ಓದುವುದಿಲ್ಲ.

ಇವುಗಳ ಬಲ ಇರುವುದು ತಾಳೆ ನೋಡುವುದರಲ್ಲಿ. ವ್ಯಾಖ್ಯಾನ ಕೊಟ್ಟು ಎಲ್ಲೂ ಬಳಸದ ಪದ, ಎರಡು ಕಡೆ ಎರಡು ಬಗೆಯಾಗಿ ವ್ಯಾಖ್ಯಾನಿಸಿದ ಪದ, ತುಂಬದೆ ಬಿಟ್ಟ ಖಾಲಿ ಜಾಗ, ಹಳೆಯ ಮಾದರಿಯಿಂದ ಉಳಿದುಬಂದ ಬೇರೊಬ್ಬ ಕಕ್ಷಿದಾರನ ಹೆಸರು, ‘30 (ಹದಿಮೂರು) ದಿನಗಳೊಳಗೆ’ ಎಂಬಂಥ ಎಡವಟ್ಟು. ಮೂರನೇ ಸಲ ಓದುವಾಗ ಕಣ್ಣು ಜಾರುವ ಇಂಥವನ್ನೆಲ್ಲ ತಂತ್ರಾಂಶ ನಿಮಿಷದಲ್ಲಿ ಎತ್ತಿ ತೋರಿಸುತ್ತದೆ.

ಕಲಮುಗಳ ಉಲ್ಲೇಖದ ವಿಷಯ ಬೇರೆ. ಐದನೇ ಕಲಮಿನ ನಂತರ ಹೊಸದೊಂದನ್ನು ಸೇರಿಸಿದಿರಿ ಎನ್ನಿ. ಕ್ರಮಸಂಖ್ಯೆ ತಾನಾಗಿ ಬೀಳುವಂತಿದ್ದರೆ ಹಳೆಯ 7 ಈಗ 8 ಆಗುತ್ತದೆ. ಆದರೆ ಕೊನೆಯ ಪುಟದಲ್ಲಿ ‘7ನೇ ಕಲಮಿಗೆ ಒಳಪಟ್ಟು’ ಎಂದು ಕೈಯಾರೆ ಟೈಪ್ ಮಾಡಿದ್ದು ಹಾಗೇ ನಿಂತಿರುತ್ತದೆ. ಅನೇಕ ತಂತ್ರಾಂಶಗಳು ನೋಡುವುದು 7ನೇ ಕಲಮು ಎಂಬುದೊಂದು ಇದೆಯೇ ಎಂದು ಮಾತ್ರ. ಇದೆ, ಟಿಕ್ ಬೀಳುತ್ತದೆ. ನಷ್ಟದ ಹೊಣೆಯ ಮಿತಿಯನ್ನು ತೋರಿಸಬೇಕಿದ್ದ ಉಲ್ಲೇಖ ಈಗ ಗೋಪ್ಯತೆಯ ಕಲಮನ್ನು ತೋರಿಸುತ್ತಿರುತ್ತದೆ. ಆದ್ದರಿಂದ ವರ್ಡ್‌ನಲ್ಲಿ ಉಲ್ಲೇಖಗಳನ್ನು ಕ್ರಾಸ್ ರೆಫರೆನ್ಸ್ (ಕಲಮಿನ ಸಂಖ್ಯೆಗೆ ಜೋಡಿಸಿದ ಉಲ್ಲೇಖ) ಮೂಲಕವೇ ಸೇರಿಸಬೇಕು, ಅವು ಹೊಸ ಸಂಖ್ಯೆಗೆ ಬದಲಾಗಲು ಕೊನೆಗೆ ಕಂಟ್ರೋಲ್-ಎ ಒತ್ತಿ ಎಫ್9 ಒತ್ತಬೇಕು. ಹೆಡರ್, ಫುಟರ್, ಟೆಕ್ಸ್ಟ್ ಬಾಕ್ಸ್‌ಗಳ ಒಳಗಿನವು ಇದರಿಂದ ಬದಲಾಗುವುದಿಲ್ಲ, ಅವನ್ನು ಬೇರೆಯಾಗಿ ಆರಿಸಿಕೊಂಡು ಮತ್ತೆ ಎಫ್9 ಒತ್ತಬೇಕು. ಬೇರೆಯವರು ಕಳಿಸಿದ ಕರಡಾದರೆ ಮೊದಲು ಆಲ್ಟ್-ಎಫ್9 ಒತ್ತಿ ನೋಡಿ. ನಿಜವಾದ ಫೀಲ್ಡ್‌ಗಳು, ಅಂದರೆ ಹೀಗೆ ಜೋಡಿಸಿ ಸೇರಿಸಿದ ಉಲ್ಲೇಖಗಳು, ಕೋಡ್ ಆಗಿ ಬದಲಾಗುತ್ತವೆ. ಕೈಯಾರೆ ಟೈಪ್ ಮಾಡಿದ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ. ಅಂಥವನ್ನು ಒಂದೊಂದಾಗಿ ತೆರೆದು ನೋಡದೆ ಬೇರೆ ದಾರಿಯಿಲ್ಲ.

ಪರೀಕ್ಷೆಯನ್ನು ಯಾವಾಗ ಓಡಿಸಬೇಕು ಎಂಬುದೂ ಮುಖ್ಯ. ಟ್ರ್ಯಾಕ್ ಚೇಂಜಸ್ (ಬದಲಾವಣೆಗಳ ಗುರುತು ಉಳಿಸುವ ಸೌಲಭ್ಯ) ಹಾಕಿರುವ ಕಡತದಲ್ಲಿ ಅಳಿಸಿದ ಸಾಲುಗಳೂ ಒಳಗೇ ಇರುತ್ತವೆ. ಕೆಲವು ತಂತ್ರಾಂಶಗಳು ಅವನ್ನೂ ಸೇರಿಸಿ ಓದಿ, ಇಲ್ಲದ ತಪ್ಪು ತೋರಿಸುತ್ತವೆ, ಇರುವುದನ್ನು ಮುಚ್ಚುತ್ತವೆ. ಎಲ್ಲ ಬದಲಾವಣೆಗಳನ್ನು ಒಪ್ಪಿಕೊಂಡ ಒಂದು ಪ್ರತಿಯನ್ನು ಬೇರೆಯಾಗಿ ಉಳಿಸಿ ಅದರ ಮೇಲೆ ಓಡಿಸುವುದು ಕ್ಷೇಮ. ಎದುರು ಪಕ್ಷದವರಿಂದ ಬಂದ ಕಡತದಲ್ಲಿ ಕೆಂಪು ಗೆರೆ ಇರುವಷ್ಟೇ ಬದಲಾಗಿದೆ ಎಂದೂ ನಂಬಬಾರದು. ಟ್ರ್ಯಾಕಿಂಗ್ ನಿಲ್ಲಿಸಿ ಒಂದು ಪದ ತೆಗೆದರೆ ಗುರುತೇ ಉಳಿಯುವುದಿಲ್ಲ. ನಾವು ಕೊನೆಯದಾಗಿ ಕಳಿಸಿದ ಪ್ರತಿಯನ್ನೂ ಅವರಿಂದ ಬಂದದ್ದನ್ನೂ ವರ್ಡ್‌ನ ಕಂಪೇರ್‌ಗೆ (ಎರಡು ಪ್ರತಿಗಳನ್ನು ಹೋಲಿಸುವ ಸೌಲಭ್ಯಕ್ಕೆ) ಹಾಕಿದರೆ ಎಲ್ಲ ಹೊರಬೀಳುತ್ತದೆ. ಸಹಿಗೆ ಹೋಗುವ ಪ್ರತಿಗೂ ಇದನ್ನೇ ಮಾಡಬೇಕು.

ಇನ್ನು ತಂತ್ರಾಂಶಕ್ಕೆ ತಪ್ಪೆಂದೇ ತೋರದ ತಪ್ಪುಗಳು. ಕೆನಡಾದ ರೋಜರ್ಸ್ ಮತ್ತು ಅಲಿಯಂಟ್ ಕಂಪನಿಗಳ ನಡುವೆ ಕೇಬಲ್ ಎಳೆಯಲು ಕಂಬ ಬಳಸುವ ಒಪ್ಪಂದದಲ್ಲಿ ಒಂದು ವಾಕ್ಯ ಇತ್ತು: ಒಪ್ಪಂದ 5 ವರ್ಷ, ಆ ಬಳಿಕ ಮತ್ತೆ ಐದೈದು ವರ್ಷ, ಒಂದು ವರ್ಷದ ನೋಟಿಸ್ ಕೊಟ್ಟು ಕೊನೆಗೊಳಿಸದ ಹೊರತು. ‘ಹೊರತು’ ಎಂಬ ಭಾಗಕ್ಕೆ ಮುಂಚೆ ಇದ್ದ ಅಲ್ಪವಿರಾಮದಿಂದಾಗಿ ಆ ಷರತ್ತು ಮೊದಲ 5 ವರ್ಷಕ್ಕೂ ಅನ್ವಯಿಸುತ್ತದೆ ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ 2006ರಲ್ಲಿ ಹೇಳಿತು. ವ್ಯಾಕರಣದಲ್ಲಿ ಆ ವಾಕ್ಯ ಶುದ್ಧ, ಯಾವ ತಂತ್ರಾಂಶವೂ ಅದರ ಕೆಳಗೆ ಗೆರೆ ಎಳೆಯುತ್ತಿರಲಿಲ್ಲ. 2007ರಲ್ಲಿ ತೀರ್ಪು ತಿರುಗಿಬಿದ್ದದ್ದು ಮಾದರಿ ಒಪ್ಪಂದದ, ಆ ಗೊಂದಲಕ್ಕೆ ಎಡೆಯಿಲ್ಲದ ಫ್ರೆಂಚ್ ಪ್ರತಿಯನ್ನು ಓದಿದ ಮೇಲೆ. ಎರಡು ಭಾಷೆಗಳಲ್ಲಿ ಕರಾರು ಮಾಡಿಕೊಳ್ಳುವವರು ಯಾವ ಪ್ರತಿ ಅಂತಿಮ ಎಂದು ಒಂದು ಕಲಮಿನಲ್ಲಿ ಬರೆದಿಡಲೇಬೇಕು.

ಎಐ ಬರೆದುಕೊಡುವ ಕಲಮುಗಳು ಓದಲು ನುಣುಪಾಗಿರುತ್ತವೆ, ಅಪಾಯವೂ ಅದೇ. ಇರುವ ಪದಗಳನ್ನು ತಿದ್ದಬಹುದು, ಇರಬೇಕಾಗಿದ್ದು ಇಲ್ಲದ ವಿನಾಯಿತಿಯನ್ನು ಗಮನಿಸುವುದು ಕಷ್ಟ. ಕಕ್ಷಿದಾರರ ಕರಡನ್ನು ಅದಕ್ಕೆ ಕೊಡುವ ಮುನ್ನ ಆ ಪಠ್ಯ ಎಲ್ಲಿ ಉಳಿಯುತ್ತದೆ, ಎಐ ತರಬೇತಿಗೆ ಬಳಕೆಯಾಗುತ್ತದೆಯೇ ಎಂದು ಆ ಸೇವೆಯ ಷರತ್ತುಗಳಲ್ಲಿ ನೋಡಿಕೊಳ್ಳುವುದು ವಕೀಲರ ಹೊಣೆ.

ಕನ್ನಡದಲ್ಲಿ ಕರಡು ಮಾಡುವವರಿಗೆ ಇನ್ನೂ ಒಂದೆರಡು ತೊಡಕು. ಇಂಗ್ಲಿಷ್ ಕರಾರಿನಲ್ಲಿ ವ್ಯಾಖ್ಯಾನಿತ ಪದವನ್ನು ತಂತ್ರಾಂಶ ದೊಡ್ಡಕ್ಷರದಿಂದ ಗುರುತು ಹಿಡಿಯುತ್ತದೆ, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಖರೀದಿದಾರ, ಖರೀದಿದಾರನಿಗೆ, ಖರೀದಿದಾರರಿಂದ ಇವೆಲ್ಲ ಒಂದೇ ಪದವೆಂದು ಅದಕ್ಕೆ ಹೊಳೆಯುವುದೂ ಅನುಮಾನ. ವ್ಯಾಖ್ಯಾನಿತ ಪದವನ್ನು ಎಲ್ಲೆಡೆ ದಪ್ಪಕ್ಷರದಲ್ಲಿ ಇಟ್ಟು, ಪ್ರತ್ಯಯ ಬಿಟ್ಟು ಮೂಲರೂಪದಿಂದ ಹುಡುಕಿದರೆ ಅಷ್ಟರಮಟ್ಟಿಗೆ ಕೆಲಸ ಸಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನ ಕಡತವಾದರೆ ತಂತ್ರಾಂಶಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮೊದಲು ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮೂಲದ ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಿದ ಮೇಲೆಯೇ ಪರೀಕ್ಷೆಗೆ ಹಾಕಬೇಕು.

– ಕರಾರು ಕರಡಿನ ಕೆಲಸದಲ್ಲಿರುವ ವಕೀಲರು